ಕೋರಲ್ ಅಂಟಿಸುವ ಮುಂಚೆ ಲೈವ್ ರಾಕ್‌ಗೆ ಬಿಸಿನೀರು ಹಾಕಬೇಡಿ, ಹಾಕೋಕೂ ಬಿಡಬೇಡಿ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ನಮ್ಮ ಶಿವಮೊಗ್ಗ ಕಡೆ ಕಡಿಮೆ. ಇದ್ದವರಿಗೂ, ಇಡಬೇಕು ಅಂತ ಆಸೆ ಇರುವವರಿಗೂ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಲೈವ್ ರಾಕ್ (ಒಳ್ಳೆಯ ಬ್ಯಾಕ್ಟೀರಿಯಾ ಕೂತು ಟ್ಯಾಂಕ್ ನೀರನ್ನು ಶುದ್ಧವಾಗಿಡುವ ಬಂಡೆ) ಮೇಲೆ ಕಂದು ಬಣ್ಣದ, ಅಂಗಿ ಗುಂಡಿಯಂಥ, ಸುತ್ತ ಸಣ್ಣ ಕುಚ್ಚಿರುವ ಜೀವಿ ಹಬ್ಬಿಕೊಂಡಿದೆಯಾ? ಅದನ್ನು ಕಿತ್ತು ಅದೇ ಜಾಗದಲ್ಲಿ ಹೊಸ ಫ್ರಾಗ್ (ನೆಟ್ಟು ಬೆಳೆಸುವ ಕೋರಲ್‌ನ ಸಣ್ಣ ತುಂಡು) ಅಂಟಿಸುವ ಯೋಚನೆ ಇದೆಯಾ? ಹಾಗಾದರೆ ಪೂರ್ತಿ ಓದಿ. ಈ ಕೆಲಸಕ್ಕೆ ಅಂತ ಬಂದ ಒಬ್ಬ ಫಿಟ್ಟಿಂಗ್ ಹುಡುಗನಿಂದ ನಮ್ಮ ಅಪ್ಪಯ್ಯ ಐಸಿಯು ನೋಡಿ ಬಂದರು.

ನಮ್ಮದು ತೀರ್ಥಹಳ್ಳಿ ಕಡೆ ಮನೆ. ಟ್ಯಾಂಕ್‌ನಲ್ಲಿ ಇರೋದೆಲ್ಲ ಸಿಮೆಂಟಿನಲ್ಲಿ ಮಾಡಿದ ಬಂಡೆ, ಬ್ಯಾಕ್ಟೀರಿಯಾ ಕೂತು ಲೈವ್ ರಾಕ್ ಆಗಿದೆ. ಹಿಂದೆ ಒಂದು ಸಲ ಕೋರಲ್ ತರಿಸಿದಾಗ ಅಂಗಡಿಯವರು ಒಂದು ತುಂಡು ಬಂಡೆಯನ್ನು ಫ್ರೀ ಹಾಕಿ ಕಳಿಸಿದ್ದರು. 'ಬಟನ್ ಸಾರ್, ಏನು ಮಾಡಿದರೂ ಸಾಯಲ್ಲ' ಅಂದಿದ್ದರು. ನಿಜವೇ. ಅದು ಪಕ್ಕದ ಬಂಡೆಗೂ ಹಬ್ಬಿ, ಮಶ್ರೂಮ್ ಕೋರಲ್‌ಗೆ ಜಾಗವೇ ಇಲ್ಲದ ಹಾಗೆ ಮಾಡಿತು. ಹೊಸ ಫ್ರಾಗ್ ತರಿಸಿದಾಗ ಅಂಟಿಸಿ ಕೊಡೋಕೆ ಅವರೇ ಒಬ್ಬ ಹುಡುಗನನ್ನು ಕಳಿಸಿದರು. ಅವನು ಬಂದವನೇ ಮೊಬೈಲ್‌ನಲ್ಲಿ ಗಟ್ಟಿ ಕೋರಲ್‌ಗಳ ಫೋಟೋನೂ ತೋರಿಸಿದ, ಬೇಕಾದರೆ ತಂದುಕೊಡ್ತೀನಿ ಅಂತ. ಅದಕ್ಕೆ ಕೈ ಹಾಕಬೇಡಿ. ಬಂಡೆ ಕಟ್ಟುವ ಗಟ್ಟಿ ಕೋರಲ್‌ಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಶೆಡ್ಯೂಲ್‌ನಲ್ಲೇ ಇವೆ.

ಅವತ್ತು ಜಡಿಮಳೆ. ಬಚ್ಚಲಲ್ಲಿ ಹಂಡೆ ಒಲೆ ಬೆಳಗಿನಿಂದ ಉರಿಯುತ್ತಲೇ ಇತ್ತು. ಬಂಡೆಯನ್ನು ಬಕೆಟ್‌ನಲ್ಲಿ ಇಟ್ಟುಕೊಂಡು ತೊಳೆಯೋಕೆ ಹೋದವನಿಗೆ ಹಂಡೆ ಕಂಡಿದ್ದೇ ಖುಷಿ. 'ಕುದಿಯೋ ನೀರೇ ಇದೆಯಲ್ಲ ಸಾರ್!' ಬೇಡ ಮಾರಾಯ, ಬಿಸಿನೀರು ಬಿದ್ದರೆ ಬ್ಯಾಕ್ಟೀರಿಯಾ ಎಲ್ಲ ಸತ್ತು ಬರೀ ಕಲ್ಲು ಉಳಿಯುತ್ತೆ ಅಂದೆ. 'ನಾವು ದಿನಾ ಮಾಡೋದೇ ಹೀಗೆ, ಏನೂ ಆಗಲ್ಲ' ಅಂದವನು ಚೊಂಬಿನಲ್ಲಿ ಮೊಗೆದು ಮೊಗೆದು ಸುರಿದೇಬಿಟ್ಟ. ಗುಂಡಿಗಳು ಮುದುಡಿಕೊಂಡವು, ಬೂದು ಬಣ್ಣದ ಲೋಳೆ ಇಳಿಯಿತು. ಆಮೇಲೆ ಹಳೇ ಬ್ರಶ್ ಹಿಡಿದು ಗಸಗಸ ಉಜ್ಜಿದ. ಎರಚಲು ಹೊಡೆಯುತ್ತೆ ಅಂತ ಕಿಟಕಿ ಹಾಕಿತ್ತು. ಬಚ್ಚಲು ತುಂಬ ಹಬೆ, ಕೊಳೆತ ಸೀಗಡಿಯ ನಾತ. ಅವನ ಕೆಲಸ ಮುಗಿದ ಮೇಲೆ ಅಪ್ಪಯ್ಯ ಅದೇ ಬಚ್ಚಲಿಗೆ ಸ್ನಾನಕ್ಕೆ ಹೋದರು.

ಸಂಜೆಗೆ ಅಪ್ಪಯ್ಯನಿಗೆ ಕೆಮ್ಮು ಶುರು. ಬಾಯಲ್ಲಿ ಕಬ್ಬಿಣದ ರುಚಿ ಬರ್ತಿದೆ ಅಂದರು. ಹೊದ್ದುಕೊಂಡರೂ ನಿಲ್ಲದ ನಡುಕ, ತೊಡೆ ಕಾಲು ಸೆಳೆತ, ಜ್ವರ. ನನಗೂ ಅದೇ, ಸ್ವಲ್ಪ ಕಡಿಮೆ. ಊರಿನ ಡಾಕ್ಟರು, ಮಳೆಗಾಲ ನೋಡಿ, ಗದ್ದೆಗೆ ಇಳಿದಿದ್ರಾ, ಇಲಿಜ್ವರ ಇರಬಹುದು ಅಂತ ರಕ್ತ ಪರೀಕ್ಷೆಗೆ ಬರೆದರು. ಅವರ ತಪ್ಪೇನಿಲ್ಲ, ಮಲೆನಾಡಲ್ಲಿ ಈ ಲಕ್ಷಣಕ್ಕೆ ಯಾರಾದರೂ ಅದನ್ನೇ ಮೊದಲು ಯೋಚಿಸುತ್ತಾರೆ. ರಾತ್ರಿ ಉಸಿರಾಟವೇ ಕಷ್ಟವಾಗಿ ಶಿವಮೊಗ್ಗಕ್ಕೆ ಕರೆದುಕೊಂಡು ಓಡಿದೆವು. ಆಗುಂಬೆ ಕಡೆಯಿಂದ ಬೀಸುವ ಆ ಮಳೆಯಲ್ಲಿ ಆ ದಾರಿ ಹೇಗಿರುತ್ತೆ ಅಂತ ಗೊತ್ತಲ್ವಾ.

ಗುಟ್ಟು ಗೊತ್ತಾಗಿದ್ದು ಆ ಹುಡುಗನಿಗೆ ಫೋನ್ ಮಾಡಿದಾಗ. 'ಸಾರ್, ನಂಗೂ ಚಳಿಜ್ವರ, ಮಲಗಿದೀನಿ. ಈ ಬಟನ್ ಕ್ಲೀನ್ ಮಾಡಿದಾಗೆಲ್ಲ ಹೀಗೇ ಆಗತ್ತೆ, ಎಸಿ ಬಸ್ಸಿಗೆ ಇರಬೇಕು ಅಂದ್ಕೊಂಡಿದ್ದೆ' ಅಂದ! ಸಿಟ್ಟು ಬರಬೇಕಿತ್ತು, ಪಾಪ ಅನ್ನಿಸಿತು. ಅವನನ್ನು ಕೈಗೆ ಒಂದು ಗ್ಲೌಸ್ ಕೂಡ ಕೊಡದೆ ಈ ಕೆಲಸಕ್ಕೆ ಕಳಿಸುವ ಅಂಗಡಿಯವರ ಮೇಲೆ ನನ್ನ ಸಿಟ್ಟು.

ಆ ಬಟನ್‌ನ ಜಾತಿ ಪ್ಯಾಲಿಥೋವಾ. ಈ ಗುಂಪಿನ ಹಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ವಿಷ ಇರುತ್ತದೆ. 1971ರಲ್ಲಿ ಹವಾಯಿಯ ಇಂಥದ್ದೇ ಜೀವಿಯಿಂದ ಅದನ್ನು ಮೊದಲು ಬೇರ್ಪಡಿಸಿದರು. ನಮ್ಮ ಜೀವಕೋಶಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಸಾಗಿಸುವ ಪಂಪ್ ಇರುತ್ತದಲ್ಲ, ಈ ವಿಷ ಹೋಗಿ ಕೂತರೆ ಅದು ತನ್ನ ಕೆಲಸ ಬಿಟ್ಟು ಸುಮ್ನೆ ತೆರೆದುಕೊಂಡುಬಿಡುತ್ತದೆ. ಕುದಿಸಿದರೆ ವಿಷ ಸಾಯುವುದಿಲ್ಲ, ಹಬೆಯ ಹನಿಗಳ ಜೊತೆ ಶ್ವಾಸಕ್ಕೆ ಹೋಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಅಪ್ಪಯ್ಯನಿಗೂ ಆಕ್ಸಿಜನ್, ನೆಬ್ಯುಲೈಸರ್ ಅಂತ ಲಕ್ಷಣ ನೋಡಿಯೇ ಚಿಕಿತ್ಸೆ ಕೊಟ್ಟರು. ಮನೆಗೆ ಬಂದ ಮೇಲೂ ಕೆಮ್ಮು ಬಹಳ ದಿನ ಕಾಡಿತು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಟ್ಯಾಂಕ್ ಕ್ಲೀನ್ ಮಾಡುವಾಗ ಹೀಗೇ ಆಗಿ, ಮನೆಯವರ ಜೊತೆ ಸಹಾಯಕ್ಕೆ ಬಂದ ಅಗ್ನಿಶಾಮಕದವರೂ ಆಸ್ಪತ್ರೆ ಸೇರಿದ್ದರು. ಎಲ್ಲ ಬಟನ್‌ನಲ್ಲೂ ವಿಷ ಇರುವುದಿಲ್ಲ ನಿಜ. ಆದರೆ ಯಾವುದರಲ್ಲಿ ಇದೆ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಅದೇ ತೊಂದರೆ.

ಫ್ರಾಗ್ ಅಂಟಿಸೋಕೆ ಬಂಡೆಯನ್ನು ಬೋಳು ಮಾಡೋ ಅಗತ್ಯವೇ ಇಲ್ಲ. ಖಾಲಿ ಇರುವ ಒಂದು ಸಣ್ಣ ಜಾಗ ಸಾಕು. ಅಲ್ಲಿನ ಪಾಚಿಯನ್ನು ಸ್ವಲ್ಪ ಕೆರೆದು, ಫ್ರಾಗ್ ಕೂತಿರುವ ಪುಟ್ಟ ಬಿಲ್ಲೆಯ (ಪ್ಲಗ್) ತಳವನ್ನು ಬಟ್ಟೆಯಲ್ಲಿ ಒರೆಸಿ, ಜೆಲ್ ತರಹದ ಸೂಪರ್ ಗ್ಲೂ ಹಾಕಿ ಒತ್ತಿ ಸ್ವಲ್ಪ ತಿರುಗಿಸಿ ಹಿಡಿದುಕೊಳ್ಳಿ. ನೀರಿನ ಒಳಗೂ ಹಿಡಿಯುತ್ತದೆ, ತೆಳ್ಳಗಿನ ಗ್ಲೂ ಮಾತ್ರ ಬೇಡ. ಭಾರದ ತುಂಡಾದರೆ ಅಕ್ವೇರಿಯಂ ಎಪಾಕ್ಸಿ ಉಂಡೆ ಮಾಡಿ, ಅದರ ಎರಡೂ ಕಡೆ ಗ್ಲೂ ಹಚ್ಚಿ ಕೂರಿಸಿ. ಮಶ್ರೂಮ್‌ಗೆ ಗ್ಲೂ ನಿಲ್ಲೋದೇ ಇಲ್ಲ, ಲೋಳೆ ಬಿಟ್ಟು ಜಾರಿಕೊಳ್ಳುತ್ತದೆ. ಒಂದು ಡಬ್ಬಿಯಲ್ಲಿ ಕಲ್ಲಿನ ಚೂರು ಹಾಕಿ, ಮೇಲೆ ಬಲೆ ಕಟ್ಟಿ ಬಿಟ್ಟರೆ ತಾನೇ ಹಿಡಿದುಕೊಳ್ಳುತ್ತದೆ. ಇನ್ನೊಂದು, ಈ ಗ್ಲೂ ಗಟ್ಟಿಯಾಗೋದೇ ತೇವಕ್ಕೆ. ನಮ್ಮ ಮಳೆಗಾಲದಲ್ಲಿ ತೆರೆದ ಟ್ಯೂಬ್ ಬೇಗ ಕಲ್ಲಾಗುತ್ತೆ, ಸಣ್ಣ ಟ್ಯೂಬೇ ತಗೊಳ್ಳಿ.

ಬಟನ್ ತೆಗೆಯಲೇಬೇಕು ಅಂತಿದ್ದರೆ ಬಿಸಿನೀರು, ಬ್ರಶ್, ಜೋರು ಪೈಪ್ ನೀರು ಯಾವುದೂ ಬೇಡ. ಅದು ಕೂತಿರುವ ಬಂಡೆಯನ್ನೇ ಇಡಿಯಾಗಿ ತೆಗೆದು ಬಿಸಾಡೋದು ವಾಸಿ. ಬಿಸಾಡುವ ಮುಂಚೆ ಗ್ಲೌಸ್, ಕಣ್ಣಿಗೆ ಕನ್ನಡಕ, ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ, ಮಕ್ಕಳು ನಾಯಿ ಬಾರದ ಕಡೆ ಬ್ಲೀಚ್ ನೀರಿನಲ್ಲಿ ಮುಳುಗಿಸಿಡಿ. ಬ್ಲೀಚ್ ಈ ವಿಷವನ್ನು ಮುರಿಯುತ್ತದೆ. ಅದಕ್ಕೆ ಬಚ್ಚಲು ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ. ಕಣ್ಣಿಗೆ ಸಿಡಿದರೆ ಧಾರಾಳ ನೀರಲ್ಲಿ ತೊಳೆದು ನೇರ ಕಣ್ಣಿನ ಆಸ್ಪತ್ರೆಗೆ ಹೋಗಿ. ಯಾವ ಡಾಕ್ಟರ ಹತ್ತಿರ ಹೋದರೂ 'ಪ್ಯಾಲಿಟಾಕ್ಸಿನ್' ಅಂತ ಬಾಯಿಬಿಟ್ಟು ಹೇಳಿ, ಬಂಡೆಯ ಫೋಟೋ ತೋರಿಸಿ. ಅವರಿಗೆ ಹೊಳೆಯಲಿ ಅಂತ ಕಾಯಬೇಡಿ.

ಅಂಗಡಿಯವರಿಗೆ ಎಲ್ಲ ಹೇಳಿದೆ. 'ಇಷ್ಟು ವರ್ಷದಲ್ಲಿ ಯಾರೂ ಕಂಪ್ಲೇಂಟ್ ಮಾಡಿಲ್ಲ' ಅಂದರು, ಸಮಾಧಾನಕ್ಕೆ ಇನ್ನೊಂದು ಫ್ರಾಗ್ ಫ್ರೀ ಕಳಿಸ್ತೀವಿ ಅಂದರು. ಬೇಡ ಅಂದೆ. ಬಟನ್ ಬಂಡೆಯನ್ನು ಅವರು ಈಗಲೂ ಆರ್ಡರ್ ಜೊತೆ ಫ್ರೀ ಕೊಡುತ್ತಿದ್ದಾರೆ. ಯಾರ ಹತ್ತಿರ ಕೋರಲ್ ತರಿಸಿದರೂ, ಕೇಳದ ಬಂಡೆ ಪಾರ್ಸೆಲ್‌ಗೆ ಹಾಕಬೇಡಿ ಅಂತ ಮೊದಲೇ ಹೇಳಿಬಿಡಿ.