ಮೂರು ಟನ್ನಿನ ಮಿನಿ, 2,900 ಗಂಟೆ: ಆ ರಬ್ಬರ್ ಟ್ರ್ಯಾಕ್ ಒಂದು ಬಿಟ್ಟು

ನಿನ್ನೆ ಮೂರನೇ ಸಲ ನನ್ನ ಮಿನಿ ಎಕ್ಸ್‌ಕವೇಟರಿನ, ಅಂದರೆ ಮಣ್ಣು ಅಗೆಯುವ ಸಣ್ಣ ಮಿಷನ್ನಿನ, ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಪಟ್ಟಿ) ಕಳಚಿತು. ರಾತ್ರಿ ಎಷ್ಟು ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯ ಗ್ರೀಸ್ ಹೋಗಲಿಲ್ಲ. ಅದೇ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ನಾನು ಸಾಗರದ ಕಡೆಯವನು. ಎಂಟು ವರ್ಷ ಬೇರೆಯವರ ಇಪ್ಪತ್ತು ಟನ್ನಿನ ಮಿಷನ್‌ಗೆ ಆಪರೇಟರ್ ಆಗಿದ್ದೆ. ಆಮೇಲೆ ಸಾಲ ಮಾಡಿ ಈ ಮಿನಿ ತಗೊಂಡೆ. ನಮ್ಮೂರಲ್ಲಿ ಯಾವ ಕಂಪನಿಯದಾದರೂ ಅದು ಹಿಟಾಚಿಯೇ. ನನ್ನದು ಬೇರೆ ಕಂಪನಿಯದು ಅಂತ ಹೇಳಿ ಹೇಳಿ ಸುಸ್ತಾಗಿದ್ದೇನೆ. ಮೂರೂವರೆ ವರ್ಷ ಆಯಿತು, ಅವರ್ ಮೀಟರ್ 2,900 ದಾಟಿದೆ. ಎಚ್‌ಪಿ, ಬಕೆಟ್ ಸೈಜು ಎಲ್ಲ ಶೋರೂಮಿನವರೇ ಹೇಳುತ್ತಾರೆ, ಬಿಡಿ. ಅವರು ಹೇಳದೇ ಇದ್ದದ್ದು ಟ್ರ್ಯಾಕ್ ವಿಷಯ.

ದೊಡ್ಡದಕ್ಕೆ ಕಬ್ಬಿಣದ ಚೈನ್. ಕಲ್ಲು ಸಿಕ್ಕಿದರೆ ಕಲ್ಲೇ ಪುಡಿ. ಮಿನಿಯದು ರಬ್ಬರ್. ಸಿಮೆಂಟ್ ರಸ್ತೆ, ಇಂಟರ್‌ಲಾಕ್ ಹಾಕಿದ ಅಂಗಳದ ಮೇಲೆ ಹೋದರೂ ಒಂದು ಗೀರು ಬೀಳುವುದಿಲ್ಲ. ಆದರೆ ನಮ್ಮದು ಜಂಬಿಟ್ಟಿಗೆ ನೆಲ ಅಲ್ವಾ? ಓರೆ ಜಾಗದಲ್ಲಿ ನಿಂತಲ್ಲೇ ತಿರುಗಿಸಿದರೆ ಮುಗಿಯಿತು. ಒಂದು ಕಲ್ಲು ಹಲ್ಲುಚಕ್ರಕ್ಕೆ ಸಿಕ್ಕಿ ಟ್ರ್ಯಾಕ್ ಹೊರಗೆ.

ನಿನ್ನೆ ಭಟ್ಟರ ಮನೆಯಲ್ಲಿ ಪೈಪಿನ ಕಾಲುವೆ ತೆಗೆಯುವಾಗ ಆಗಿದ್ದೂ ಅದೇ. ಬಕೆಟ್ ನೆಲಕ್ಕೆ ಊರಿ, ಬ್ಲೇಡ್ (ಮಣ್ಣು ದೂಡುವ ಹಲಗೆ) ಒತ್ತಿ ಮಿಷನ್ ಎತ್ತಿದೆ. ಟ್ರ್ಯಾಕ್ ಬಿಗಿ ಹಿಡಿಯುವ ಸಿಲಿಂಡರಿನ ವಾಲ್ವನ್ನು ಪಾನಾ ಹಾಕಿ ನಿಧಾನಕ್ಕೆ ಒಂದು ಸುತ್ತು ಸಡಿಲ ಮಾಡಿದೆ. ಹೊಸಬರು ಅದರ ಎದುರು ಮಾತ್ರ ಕೂರಬೇಡಿ, ಒಳಗಿನ ಒತ್ತಡ ಸಣ್ಣದಲ್ಲ. ಗ್ರೀಸ್ ಎರೆಹುಳದ ಹಾಗೆ ಸುರುಳಿ ಸುರುಳಿಯಾಗಿ ಬಂತು. ಮುಂದಿನ ಚಕ್ರ ಅಷ್ಟು ಹಿಂದೆ ಸರಿಯಿತು. ಹಾರೆ ಹಾಕಿ ಮೀಟಿದೆ, ಒದ್ದೆ, ಬೈದೆ. ಎರಡೂವರೆ ಗಂಟೆ ಹೋಯಿತು. ಭಟ್ಟರು ಎರಡು ಸಲ ಚಹಾ ತಂದುಕೊಟ್ಟರು. ಎರಡನೇ ಸಲ, "ದೊಡ್ಡದನ್ನೇ ಕರೆಸಬೇಕಿತ್ತೇನೋ ಮಾರಾಯ" ಅಂದರು. ಸುಮ್ನೆ ಅಂದಿದ್ದು, ಆದರೂ ಚುಚ್ಚಿತು.

ಮೊದಲ ಜೋಡಿ 1,400 ಗಂಟೆಗೇ ಸೀಳು ಬಿಟ್ಟಿತ್ತು. ಹೊಸ ಜೋಡಿಗೆ ಲಕ್ಷದ ಮೇಲಾಯಿತು. ಕೊಳ್ಳುವವರು ಇದನ್ನೂ ಕಂತಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ರಾತ್ರಿ ಮಲಗಿದ ಮೇಲೆ ಭಟ್ಟರ ಮಾತು ಮತ್ತೆ ನೆನಪಾಯಿತು. ದೊಡ್ಡದು ಅಲ್ಲಿಗೆ ಬರುತ್ತಿತ್ತಾ? ಅವರ ಗೇಟು ಏಳು ಅಡಿ. ದೊಡ್ಡದರ ಅಗಲವೇ ಒಂಬತ್ತು ಅಡಿಗೆ ಮೇಲೆ. ಗೋಡೆ ಒಡೆದು ಒಳಗೆ ತಂದರೂ, ತಿರುಗುವಾಗ ಹಿಂದಿನ ತೂಕದ ಕಬ್ಬಿಣ ಚೈನಿನಿಂದ ನಾಲ್ಕು ಅಡಿಯಷ್ಟು ಆಚೆ ಹೋಗುತ್ತದೆ. ಒಂದು ಪಕ್ಕ ಬಾವಿಕಟ್ಟೆ, ಇನ್ನೊಂದು ಪಕ್ಕ ಅಡಿಕೆ ಒಣಗಿಸುವ ಅಂಗಳ. ಯಾವುದಾದರೂ ಒಂದು ಹೋಗುತ್ತಿತ್ತು. ನನ್ನ ಮಿನಿ ಐದು ಅಡಿ, ತಿರುಗಿದರೂ ಹಿಂಭಾಗ ಟ್ರ್ಯಾಕ್ ದಾಟುವುದಿಲ್ಲ. ಬೂಮನ್ನು, ಅಂದರೆ ಬಕೆಟ್ ಹಿಡಿದ ತೋಳನ್ನು, ಬುಡದಲ್ಲೇ ಪಕ್ಕಕ್ಕೆ ಹೊರಳಿಸಬಹುದು. ಹಾಗಾಗಿ ಗೋಡೆಗೆ ಒತ್ತಿಕೊಂಡೇ ಪೈಪಿನ ಕಾಲುವೆಯನ್ನು ದಾರ ಹಿಡಿದ ಹಾಗೆ ತೆಗೆದುಕೊಂಡು ಹೋಗಬಹುದು. ಎಂಟು ವರ್ಷ ದೊಡ್ಡದರ ಮೇಲೆ ಕೂತಿದ್ದವನು ನಾನು. ಇಂಥ ಕೆಲಸಕ್ಕೆ ಆಗ ಆಳು ಇಳಿಸಿ ಗುದ್ದಲಿ ಹಿಡಿಸುತ್ತಿದ್ದೆವು. ಪೈಪು ಹಾಕಿದ ಮೇಲೆ ಮಣ್ಣನ್ನು ಬ್ಲೇಡಿನಲ್ಲೇ ದೂಡಿ ಮುಚ್ಚಿಬಿಡುತ್ತೇನೆ.

ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುಂಚೆ ಗ್ರೀಸ್ ಗನ್. ಬಕೆಟ್ ಪಿನ್ನಿನಿಂದ ಶುರು, ಬೂಮಿನ ಬುಡದಲ್ಲಿ ಕೊನೆ. ಹಳೇ ಕಪ್ಪು ಗ್ರೀಸ್ ಹೊರಗೆ ಬಂದು ಅದರ ಹಿಂದೆ ಹೊಸದರ ಬಣ್ಣ ಕಂಡರೆ ಸಾಕು, ಮುಂದಿನ ಪಿನ್ನು. ಹಕ್ಕಿ ಕೂಗು ಬಿಟ್ಟರೆ ಆ ಹೊತ್ತಿಗೆ ಬೇರೆ ಸದ್ದಿಲ್ಲ. ಸಂಜೆ ಸಲಿಕೆ ತಗೊಂಡು ಟ್ರ್ಯಾಕ್ ಒಳಗಿನ ಮಣ್ಣು ಕೆರೆಯುತ್ತೇನೆ. ಸೋಮಾರಿತನ ಮಾಡಿದ ಮಾರನೇ ದಿನವೇ ಎರಡನೇ ಸಲ ಕಳಚಿದ್ದು. ಅದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ಹಾಗಂತ ಎಲ್ಲದಕ್ಕೂ ಮಿನಿ ಅಲ್ಲ. ಒಬ್ಬರು ಮನೆ ಜಾಗಕ್ಕೆ ಹತ್ತಡಿ ಎತ್ತರದ ಮಣ್ಣಿನ ಧರೆ ಕಡಿಯಲು ನನ್ನನ್ನೇ ಕರೆದರು, ಗಂಟೆಗೆ 1,000 ಅಂತ. ದೊಡ್ಡದಕ್ಕೆ ಆಗ 1,600 ಇತ್ತು. ನಾನೂ ಆಸೆಗೆ ಬಿದ್ದು ಹೋದೆ. ದೊಡ್ಡದು ಒಂದು ಬಕೆಟ್ ತುಂಬುವ ಮಣ್ಣಿಗೆ ಮಿನಿ ಹತ್ತು ಸಲ ಎತ್ತಬೇಕು. ಟಿಪ್ಪರ್ ಡ್ರೈವರ್ ಕ್ಯಾಬಿನ್ನಿನಲ್ಲೇ ನಿದ್ದೆ ಮಾಡಿದ. ಮೂರು ದಿನಕ್ಕೆ 24,000 ಆಯಿತು. ದೊಡ್ಡದು ಒಂದು ದಿನ ಪೂರ್ತಿ ತಗೊಂಡಿದ್ದರೂ 12,800ಕ್ಕೆ ಮುಗಿಸುತ್ತಿತ್ತು. ತರುವ ಟ್ರೈಲರ್ ಬಾಡಿಗೆ ಸೇರಿಸಿದರೂ ಅವರಿಗೆ ಉಳಿಯುತ್ತಿತ್ತು. ಈಗ ಅಂಥ ಕೆಲಸ ಬಂದರೆ ನನ್ನ ಹಳೇ ಯಜಮಾನರ ನಂಬರ್ ಕೊಟ್ಟು ಸುಮ್ಮನಾಗುತ್ತೇನೆ. ಡೀಸೆಲ್ ಮಾತ್ರ ಮಿನಿಗೆ ಗಂಟೆಗೆ ಮೂರು ಲೀಟರ್ ಆಸುಪಾಸು. ದೊಡ್ಡದರ ಹೊಟ್ಟೆಗೆ ಹನ್ನೆರಡಾದರೂ ಬೇಕು.

ನಾಲ್ಕು ಸ್ಟಾರ್ ಕೊಡುತ್ತೇನೆ. ನಿನ್ನೆ ಕೇಳಿದ್ದರೆ ಎರಡು. ಭಟ್ಟರ ಮನೆಯಲ್ಲಿ ಇನ್ನೂ ಹದಿನೈದು ಅಡಿ ಕಾಲುವೆ ಬಾಕಿ ಇದೆ, ಅದೂ ಆ ಓರೆ ಜಾಗದಲ್ಲೇ. ಈ ಸಲ ನಿಂತಲ್ಲಿ ತಿರುಗಿಸುವುದಿಲ್ಲ. ಹಿಂದೆ ಮುಂದೆ ಮಾಡಿ ನಾಲ್ಕು ಸಲಕ್ಕೆ ತಿರುಗಿಸಿಕೊಳ್ಳುತ್ತೇನೆ. ಚಹಾ ಹೇಗೂ ಬರುತ್ತದೆ.