ಕಡಲ ಗಾಳದ ಕಾಂಬೋ: ರಾಡ್ ಸೂಪರ್, ರೀಲ್‌ನ ಪುಟ್ಟ ಚಕ್ರದ ಮೇಲೆ ಮಾತ್ರ ಕೋಪ

ಮೂಡಿಗೆರೆ ಕಡೆ ಮಳೆಗಾಲದಲ್ಲಿ ಬೀರುವಿನೊಳಗೆ ನೇತುಹಾಕಿದ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಮೊದಲೇ ಇದನ್ನು ಹೇಳಲು ಕಾರಣ ಇದೆ. ಸಮುದ್ರದ ದಂಡೆಯಲ್ಲಿ ಗಾಳ ಹಾಕೋಕೆ ಅಂತ ಕೊಂಡ ನನ್ನ ರೀಲ್ ಕೆಟ್ಟಿದ್ದು ಸಮುದ್ರದಲ್ಲಲ್ಲ, ಆ ಬೀರುವಿನಲ್ಲಿ.

ದಂಡೆಯಿಂದ ದೂರ ಎಸೆಯೋಕೆ 12 ಅಡಿಯ ಟೆಲಿಸ್ಕೋಪಿಕ್ (ತುಂಡುಗಳು ಒಂದರೊಳಗೊಂದು ಸೇರುವ) ಸರ್ಫ್ ರಾಡ್, ಗಾಳದ ದಾರ ಅಂದರೆ ಲೈನು ಸುತ್ತೋಕೆ 6000 ಸೈಜಿನ ಸ್ಪಿನ್ನಿಂಗ್ ರೀಲ್. ಆನ್‌ಲೈನ್‌ನಲ್ಲಿ ಎರಡೂ ಸೇರಿ ನಾಲ್ಕು ಸಾವಿರದೊಳಗೆ ಸಿಕ್ಕವು. ವರ್ಷಕ್ಕೆ ಕೆಲವೇ ಸಲ ಘಟ್ಟ ಇಳಿಯುವ ನನಗೆ ಅದಕ್ಕಿಂತ ಜಾಸ್ತಿ ಹಾಕುವ ಮನಸ್ಸಿರಲಿಲ್ಲ. ಗೇರ್ ರೇಶಿಯೋ, ಬೇರಿಂಗ್ ಲೆಕ್ಕ ಎಲ್ಲ ಮಾರುವವರೇ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಅವರು ಹೇಳದೇ ಇರೋದು ಲೈನ್ ರೋಲರ್ ಬಗ್ಗೆ.

ರೀಲ್‌ನ ಬೇಲ್, ಅಂದರೆ ಲೈನನ್ನು ಸ್ಪೂಲಿನ ಕಡೆ ಹಾಯಿಸುವ ಬಾಗಿದ ತಂತಿ, ಒಂದು ಕಡೆ ಸೇರುವಲ್ಲಿ ಬೆರಳ ಉಗುರಿನಷ್ಟು ಚಿಕ್ಕ ಚಕ್ರ ಇರುತ್ತದಲ್ವಾ, ಅದೇ. ನೀರಿನಿಂದ ಬರುವ ಲೈನು ಅದರ ಮೇಲೆ ತಿರುಗಿ ಸ್ಪೂಲಿಗೆ ಸುತ್ತಿಕೊಳ್ಳುತ್ತದೆ. ಲೈನಿನ ಜೊತೆ ಆ ಚಕ್ರವೂ ತಿರುಗಬೇಕು. ನನ್ನದು ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕಚ್ಚಿಕೊಂಡು ನಿಂತುಬಿಟ್ಟಿತ್ತು. ಬಿಚ್ಚಿ ನೋಡಿದರೆ ಒಳಗೆ ಬೇರಿಂಗೇ ಇಲ್ಲ. ಬರೀ ತೆಳು ಪ್ಲಾಸ್ಟಿಕ್ ಬುಶ್ (ಬಳೆಯಂಥ ತುಂಡು), ಅದರ ನಡುವೆ ತುಕ್ಕು ಹಿಡಿದ ಸ್ಕ್ರೂ.

ಉಪ್ಪು ಅನ್ನೋದು ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಎಷ್ಟೇ ತೊಳೆದರೂ ಇಂಥ ಸಂದಿಯಲ್ಲಿ ಚೂರು ಉಪ್ಪು ಉಳಿದೇ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗಲ್ಲ. ಆ ಚೂರು ಉಪ್ಪಿಗೆ ಅಷ್ಟು ಸಾಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮಳೆಗಾಲದ ಅಲೆಯಲ್ಲಿ ದಂಡೆಯ ಗಾಳವೂ ಆಗದು. ರೀಲ್ ಸುಮ್ನೆ ಮನೆಯಲ್ಲಿ ಕೂತೇ ಸವೆಯುತ್ತದೆ.

ಚಕ್ರ ನಿಂತರೆ ಲೈನು ಅದರ ಮೇಲೆ ಉಜ್ಜಿಕೊಂಡು ಓಡುತ್ತದೆ. ಚಕ್ರವನ್ನು ಉಗುರಿನಿಂದ ಸವರಿದರೆ ಗೀರು ಸಿಗುತ್ತಿತ್ತು. 0.35 ಎಂ.ಎಂ. ನೈಲಾನ್ ಲೈನು ಒರಟಾಗಿ, ತಿರುಚಿಕೊಂಡು, ಸ್ಪೂಲಿನಿಂದ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಮಂಗಳೂರು ಬಳಿಯ ಸಸಿಹಿತ್ಲು ಕಡಲತೀರದಲ್ಲಿ ಒಂದು ಸಂಜೆ ಬೀಸಿ ಎಸೆದಾಗ ಲೈನು ಪಟ್ ಅಂತ ಹರಿಯಿತು. 80 ಗ್ರಾಂ ಸೀಸದ ಗುಂಡು ಅದರ ಪಾಡಿಗೆ ಹಾರಿಹೋಯಿತು. ಆ ಕಡೆ ಯಾರಾದರೂ ಮಕ್ಕಳು ಆಡುತ್ತಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ಮಾರಿದವರಿಗೆ ಬರೆದರೆ, ಬಿಡಿಭಾಗ ಸಿಗಲ್ಲ, ಹೊಸ ರೀಲ್ ತಗೊಳ್ಳಿ ಅಂದರು. ಒಂದು ಬುಶ್‌ಗಾಗಿ ಇಡೀ ರೀಲ್ ಎಸೆಯಬೇಕಂತೆ!

ಇಷ್ಟಾದರೂ ಕಾಂಬೋ ಮಾರಿಬಿಡಲಿಲ್ಲ. ಕಾರಣ ರಾಡ್.

ಮಡಚಿದರೆ ನಾಲ್ಕು ಅಡಿ. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಮೇಲಿನ ಕಂಬಿಗೆ ಆರಾಮಾಗಿ ಸೇರುತ್ತದೆ. ಹೇಮಾವತಿ ಹೊಳೆಬದಿಯಲ್ಲಿ ಬಿದಿರ ಕೋಲು ಹಿಡಿದು ಬೆಳೆದವನಿಗೆ ಇಷ್ಟುದ್ದದ ರಾಡ್ ಯಾಕೆ ಅನ್ನಿಸಿತ್ತು. ಅಲೆಯ ಮುಂದೆ ನಿಂತಾಗಲೇ ಗೊತ್ತಾಗಿದ್ದು. ಎತ್ತರ ಇದ್ದರೆ ದಡದ ನೊರೆ ಲೈನನ್ನು ಎಳೆದಾಡಲ್ಲ. ಮೂರು ಅಡಿ ಪಿವಿಸಿ ಪೈಪಿನ ಒಂದು ತುದಿ ಓರೆಯಾಗಿ ಕೊಯ್ದು ಮರಳಿಗೆ ಬಡಿಯುತ್ತೇನೆ, ರಾಡ್ ಅದರಲ್ಲಿ ನಿಲ್ಲುತ್ತದೆ. ಆಮೇಲೆ ತುದಿ ನೋಡುತ್ತಾ ಕೂರುವುದೇ ಕೆಲಸ. ಅಲೆ ಎಳೆದರೆ ತುದಿ ನಿಧಾನಕ್ಕೆ ಬಾಗಿ ನಿಧಾನಕ್ಕೆ ಏಳುತ್ತದೆ. ಕಾಣೆ ಮೀನು ಮುಟ್ಟಿದರೆ ಟಕ್ ಟಕ್ ಅಂತ ನಡುಗುತ್ತದೆ. ಈ ಬೆಲೆಯ ರಾಡಿನ ತುದಿ ಅಷ್ಟು ಸೂಕ್ಷ್ಮ ಇರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ಎರಡೂ ಹೊಳೆಗಳು ಕಡಲು ಸೇರುತ್ತವೆ, ಮರಳ ದಿಬ್ಬಗಳು ಜಾಸ್ತಿ. ಅಲೆ ಒಡೆಯದೆ ನೀರು ಕಪ್ಪಗೆ ಕಾಣುವ ಜಾಗ ಅಂದರೆ ದಿಬ್ಬಗಳ ನಡುವಿನ ಗುಂಡಿ. ಉಬ್ಬರ ಏರುವ ಹೊತ್ತಿಗೆ ಅಲ್ಲಿ ಗಾಳ ಬೀಳಬೇಕು. ದೊಡ್ಡ ರಾಡ್ ಇದೆ ಅಂತ ದೂರ ದೂರ ಎಸೆದರೆ ಕಾಣೆಯನ್ನು ದಾಟಿಯೇ ಹೋಗುತ್ತೀರಿ, ಅದು ಮೇಯುವುದು ದಡದ ಹತ್ತಿರದ ಮರಳಿನಲ್ಲಿ. ಸಿಪ್ಪೆ ತೆಗೆದ ಸಿಗಡಿಯ ಸಣ್ಣ ಚೂರು, ಸಣ್ಣ ಗಾಳ. ಮನೆಯಲ್ಲಿ ರವೆ ಹಚ್ಚಿ ಹುರಿಯುತ್ತಾರೆ, ಅದಕ್ಕೆ ಬೇರೆ ವಿಮರ್ಶೆ ಬೇಡ.

ರಾಡ್‌ಗೂ ಒಂದು ಕಾಟ ಇದೆ. ಜೋಡಣೆಗಳಲ್ಲಿ ಮರಳು ಕೂತರೆ ಮಡಚೋಕೆ ಬರಲ್ಲ. ಪ್ರತಿ ತುಂಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ದಪ್ಪ ತುದಿಯಿಂದ ಶುರು ಮಾಡಿ ಮಡಚಬೇಕು. ಅಷ್ಟೇ.

ರೀಲ್ ಕಥೆಗೆ ಕೊನೆಗೆ ದಾರಿ ಸಿಕ್ಕಿದ್ದು ನಮ್ಮೂರಿನಲ್ಲೇ. ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ ಮಾಡುವ ಲೇತ್ ಅಂಗಡಿಯವರು ಹಳೇ ಬುಶ್ ತಿರುಗಿಸಿ ನೋಡಿ, ಹಿತ್ತಾಳೆಯಲ್ಲಿ ಅದೇ ಅಳತೆಗೆ ಒಂದು ಕಡೆದು ಕೊಟ್ಟರು. ಗೀರನ್ನೂ ಪಾಲಿಶ್ ಹಾಕಿ ತೆಗೆದರು. ಸ್ಟೀಲ್ ಸ್ಕ್ರೂ ಕೂಡ ಅವರೇ ಹುಡುಕಿದ್ದು. ಅಂದಿನಿಂದ ಚಕ್ರ ನಿಂತಿಲ್ಲ.

ಈಗ ಘಟ್ಟ ಹತ್ತಿ ಬಂದ ರಾತ್ರಿಯೇ ಬಚ್ಚಲಲ್ಲಿ ಕೂರುತ್ತೇನೆ. ಮೊದಲು ಡ್ರ್ಯಾಗ್ (ಮೀನು ಎಳೆದಾಗ ಲೈನು ಎಷ್ಟು ಬಿಗಿಯಾಗಿ ಬಿಡಬೇಕೆಂದು ಹಿಡಿಯುವ ಬ್ರೇಕು) ಬಿಗಿ ಮಾಡಿ, ತೆಳ್ಳಗೆ ಬಿಟ್ಟ ನಲ್ಲಿಯಡಿ ರೀಲ್ ಹಿಡಿಯುತ್ತೇನೆ. ಜೋರು ನೀರು ಬಿಟ್ಟರೆ ಉಪ್ಪು ಒಳಗೇ ನುಗ್ಗುತ್ತದೆ. ಒರೆಸಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ, ಇಲ್ಲದಿದ್ದರೆ ಒಳಗಿನ ವಾಶರ್ ಅಮುಕಿಕೊಂಡು ಹಾಗೇ ಉಳಿಯುತ್ತದೆ. ರೋಲರಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ. ಮಳೆ ಶುರುವಾಗುವ ಮುಂಚೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಈ ಕೆಲಸ ಬೇಜಾರಲ್ಲ ನನಗೆ, ನಿಜ ಹೇಳಬೇಕೆಂದರೆ ಇಷ್ಟವೇ.

ಮಂಗಳೂರು, ಉಡುಪಿ ಕಡೆಯವರಾಗಿ ವಾರವಾರ ಗಾಳ ಹಾಕುವವರಿಗೆ ಈ ಕಾಂಬೋ ಬೇಡವೇ ಬೇಡ. ನಮ್ಮ ಹಾಗೆ ಕಾಫಿ ಕುಯ್ಲು ಮುಗಿದ ಮೇಲೆ ಇಳಿಯುವವರಾದರೆ ರಾಡ್ ಮಾತ್ರ ಬಿಡಿಯಾಗಿ ತಗೊಳ್ಳಿ, ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ರೀಲನ್ನು ಅಂಗಡಿಯಲ್ಲೇ ಮುಟ್ಟಿ ನೋಡಿ ಕೊಳ್ಳಿ. ಜೇಬಲ್ಲಿ ಒಂದು ಮೊಳ ಲೈನು ಇಟ್ಟುಕೊಂಡು ಹೋಗಿ. ರೋಲರ್ ಮೇಲೆ ಹಾಯಿಸಿ ಎರಡೂ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಚಕ್ರ ತಿರುಗದೆ ಲೈನು ಅದರ ಮೇಲೆ ಜಾರಿದರೆ, ಎಷ್ಟೇ ಕಡಿಮೆಗೆ ಕೊಡುತ್ತೇನೆ ಅಂದರೂ ವಾಪಸ್ ಇಟ್ಟು ಬನ್ನಿ.