ಪ್ರೊಜೆಕ್ಟರ್‌ಗೆ ಸ್ಟಿಕ್ ಹುಡುಕುತ್ತಿರುವ ದಾವಣಗೆರೆಯವರೇ, ಡಬ್ಬಿ ಮೇಲಿನ 4ಕೆ ನಂಬಬೇಡಿ

ಮಂಡಿಪೇಟೆ ಕಡೆಯ ಒಂದು ಅಂಗಡಿಯಲ್ಲಿ 3,200 ರೂಪಾಯಿ ಕೊಟ್ಟು ಸ್ಟ್ರೀಮಿಂಗ್ ಸ್ಟಿಕ್ ತಂದೆ, ಅಂದರೆ ಟಿವಿಗೋ ಪ್ರೊಜೆಕ್ಟರ್‌ಗೋ ಚುಚ್ಚಿ ಇಂಟರ್ನೆಟ್‌ನ ಸಿನಿಮಾ ನೋಡುವ ಪುಟ್ಟ ಸಾಧನ. ನನಗೆ ಮೋಸ ಮಾಡಿದರು. ನಿಮಗೂ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಪ್ರೊಜೆಕ್ಟರ್, 720ಪಿ, ಅಂದರೆ ಸಾಧಾರಣ ಎಚ್‌ಡಿ ಚಿತ್ರದಷ್ಟೇ; 4ಕೆ ಅಂದರೆ ಅದಕ್ಕಿಂತ ಎಷ್ಟೋ ಪಟ್ಟು ಸ್ಪಷ್ಟ. ಅದರಲ್ಲಿ ನೆಟ್‌ಫ್ಲಿಕ್ಸ್ ಬರುವುದಿಲ್ಲ, ಅದಕ್ಕೇ ಸ್ಟಿಕ್ ಬೇಕಿತ್ತು. ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆ: ಪ್ರೊಜೆಕ್ಟರ್‌ಗೆ ಹಾಕಬೇಕು, ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರಬೇಕು. "ಎಲ್ಲಾ ಬರ್ತೈತಿ ಅಣ್ಣಾ, 4ಕೆ ಐತಿ, ಡಬ್ಬಿ ನೋಡ್ರಿ" ಅಂದ. ಡಬ್ಬಿ ಮೇಲೆ ನೆಟ್‌ಫ್ಲಿಕ್ಸ್ ಗುರುತೂ ಇತ್ತು.

ಭಾನುವಾರ ಹರಿಹರದಿಂದ ಅಕ್ಕ, ಭಾವ, ಮಕ್ಕಳು ಬಂದಿದ್ದರು. ತಾರಸಿ ಮೇಲೆ ಬಿಳಿ ಪಂಚೆ ಕಟ್ಟಿ, ಮಂಡಕ್ಕಿ ಮಿರ್ಚಿ ತಂದಿಟ್ಟು ಸಿನಿಮಾ ಹಾಕಿದೆ. ಯಾರ ಮುಖ ಯಾರದು ಗೊತ್ತಾಗುತ್ತಿಲ್ಲ. ಅಷ್ಟು ಮಸುಕು. ಸ್ವಲ್ಪ ಹೊತ್ತಿಗೆ ಸ್ಟಿಕ್ ತಾನೇ ಆಫ್ ಆಯಿತು. ಆನ್ ಆಯಿತು. ಮತ್ತೆ ಆಫ್. "ಬಿಡಪ್ಪಾ, ಕೆಳಗೆ ಟಿವಿನೇ ನೋಡೋಣ" ಅಂದರು ಭಾವ. ಎಲ್ಲರೂ ಎದ್ದು ಹೋದರು. ನನಗೆ ತಲೆ ಎತ್ತಲು ಆಗಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ಹಾಕಿ ನೋಡಿದೆ, ಅದೇ ಪ್ರೊಜೆಕ್ಟರ್‌ನಲ್ಲಿ ಚಿತ್ರ ಚೆನ್ನಾಗೇ ಬಂತು.

ಅಂಗಡಿಗೆ ಹೋದರೆ ಮೊದಲ ಮಾತು "ನಿಮ್ ಪ್ರೊಜೆಕ್ಟರ್‌ದೇ ಪ್ರಾಬ್ಲಮ್". ಲ್ಯಾಪ್‌ಟಾಪ್ ವಿಷಯ ಹೇಳಿದೆ. "ಹಂಗಾದ್ರೆ ವೈಫೈ ಸ್ಲೋ ಐತಿ." ಅದೇ ವೈಫೈಯಲ್ಲಿ ಫೋನಿನಲ್ಲಿ ಎಚ್‌ಡಿ ಬರುತ್ತದೆ ಅಂದೆ. ಆಗ ವರಸೆ ಬದಲಾಯಿತು: "ನೀವು 4ಕೆ ಕೇಳಿದ್ರಿ, ಕೊಟ್ಟೀವಿ. ಯೂಟ್ಯೂಬ್ ಓಡ್ತೈತಲ್ಲ?" ನಾನು 4ಕೆ ಕೇಳಿಯೇ ಇಲ್ಲ! 720ಪಿ ಪ್ರೊಜೆಕ್ಟರ್‌ಗೆ 4ಕೆ ತಗೊಂಡು ಏನು ಮಾಡಲಿ? ಕೇಳಿದ್ದು ನೆಟ್‌ಫ್ಲಿಕ್ಸ್. ಬರೀ ನೆಟ್‌ಫ್ಲಿಕ್ಸ್. ಕೊನೆಗೆ "ಡಬ್ಬಿ ಒಡೆದ ಮ್ಯಾಲೆ ವಾಪಸ್ ಇಲ್ಲ". ಡಬ್ಬಿ ಒಡೆಯದೆ ಓಡಿಸಿ ನೋಡುವುದು ಹೇಗೆ ಹೇಳಿ? ಪಕ್ಕದ ಗಿರಾಕಿಗಳು ನನ್ನನ್ನೇ ಜಗಳಗಂಟ ಅನ್ನುವ ಹಾಗೆ ನೋಡುತ್ತಿದ್ದರು.

ಮನೆಗೆ ಬಂದು ಡಿಆರ್‌ಎಂ ಇನ್ಫೋ ಅನ್ನುವ ಆ್ಯಪ್ ಹಾಕಿದೆ. ವೈಡ್‌ವೈನ್ ಎಲ್3 ಅಂತ ತೋರಿಸಿತು. ವೈಡ್‌ವೈನ್ ಅಂದರೆ ಸಿನಿಮಾ ಕಳ್ಳನಕಲು ಆಗದಂತೆ ಕಾಯುವ ಗೂಗಲ್‌ನ ಬೀಗ; ಎಲ್1 ಗಟ್ಟಿ, ಎಲ್3 ಸಡಿಲ. ನೆಟ್‌ಫ್ಲಿಕ್ಸ್ ಎಚ್‌ಡಿಗೆ ಎಲ್1 ಬೇಕು, ಜೊತೆಗೆ ನೆಟ್‌ಫ್ಲಿಕ್ಸ್‌ನವರು ಆ ಸ್ಟಿಕ್ಕನ್ನು ಒಪ್ಪಿರಬೇಕು. ಎಲ್3 ಇದ್ದರೆ 480ಪಿ ದಾಟುವುದಿಲ್ಲ. ಯೂಟ್ಯೂಬ್‌ನ ಸಾಮಾನ್ಯ ವಿಡಿಯೋಗಳಿಗೆ ಇದು ಯಾವುದೂ ಬೇಡ, ಅದಕ್ಕೇ ಅವನು ಯೂಟ್ಯೂಬ್ ಹೆಸರು ಎತ್ತಿದ್ದು. ಒಳಗಿರುವುದು ಟಿವಿಗೆಂದೇ ಮಾಡಿದ ಗೂಗಲ್ ಟಿವಿ ಸಾಫ್ಟ್‌ವೇರೂ ಅಲ್ಲ, ಫೋನಿನ ಆಂಡ್ರಾಯ್ಡ್‌ಗೆ ಟಿವಿ ವೇಷ ಹಾಕಿದ್ದಾರೆ. ಇಂಥ ಹೆಸರಿಲ್ಲದ ಸ್ಟ್ರೀಮಿಂಗ್ ಸಾಧನಗಳಲ್ಲಿ ಮಾಲ್‌ವೇರ್, ಅಂದರೆ ಹಾನಿ ಮಾಡುವ ಕಳ್ಳ ಸಾಫ್ಟ್‌ವೇರ್, ಮೊದಲೇ ಸೇರಿರಬಹುದು ಅಂತ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿತ್ತು. ನಾನು ವೈಫೈ ಪಾಸ್‌ವರ್ಡ್ ಬದಲಾಯಿಸಿದೆ.

ಆಫ್ ಆಗುತ್ತಿದ್ದುದು ಕರೆಂಟ್ ಸಾಲದೆ. "ಪ್ರೊಜೆಕ್ಟರ್ ಯುಎಸ್‌ಬಿಗೇ ಚುಚ್ಚಿರಿ, ಸಾಕು" ಅಂದವನೂ ಅವನೇ. ಯುಎಸ್‌ಬಿ 2.0 ಲೆಕ್ಕ 0.5 ಆಂಪ್, ಸ್ಟಿಕ್‌ಗೆ 1 ಆಂಪ್ ಬೇಕು. ಫೋನ್ ಚಾರ್ಜರ್‌ಗೆ ಹಾಕಿದ ಮೇಲೆ ಅದು ಸರಿಯಾಯಿತು. ಮಸುಕು ಹೋಗಲಿಲ್ಲ.

ತಗೊಳ್ಳುವವರು ಅಂಗಡಿಯಲ್ಲೇ ನೆಟ್‌ಫ್ಲಿಕ್ಸ್ ಎಚ್‌ಡಿ ಓಡಿಸಿ ತೋರಿಸಿ ಅನ್ನಿ. ತೋರಿಸಲ್ಲ ಅಂದರೆ ಎದ್ದು ಬನ್ನಿ. ಬಿಲ್ ಎಸೆಯಬೇಡಿ. ದೋಷ ಇರುವ ಸಾಮಾನನ್ನು ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ. ನನ್ನ ಬಿಲ್‌ನಲ್ಲಿ ಅವಧಿ ಅಂತ ಒಂದಕ್ಷರವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆಗಲೂ ದುಡ್ಡು ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ.